ಎಣ್ಣೆಯ ನಾಡಿನಲ್ಲಿ ಎಣ್ಣೆಗೆ ಕಾಯುವ ಹಳ್ಳಿಗಳು

2012ರ ಜನವರಿ ತಿಂಗಳ ನಡುವೆ ಅಲಾಸ್ಕದ ಪಶ್ಚಿಮ ಕರಾವಳಿಯ ನೋಮ್ ಪಟ್ಟಣಕ್ಕೆ ರಷ್ಯದ ಒಂದು ತೈಲ ಹಡಗು ಬಂತು. ಅದರ ಹೆಸರು 'ರೆಂಡಾ'. ಬೇರಿಂಗ್ ಸಮುದ್ರ ಹೆಪ್ಪುಗಟ್ಟಿ ಕಲ್ಲಾಗಿತ್ತು. ಅಮೆರಿಕದ ಕರಾವಳಿ ರಕ್ಷಣಾ ಪಡೆಯ 'ಹೀಲಿ' ಎಂಬ ಹಡಗು ಮುಂದೆ ಮುಂದೆ ಮಂಜುಗಡ್ಡೆ ಒಡೆಯುತ್ತ ದಾರಿ ಮಾಡಿಕೊಟ್ಟಿತು. ದಡ ಮುಟ್ಟಲು ಸಾಧ್ಯವಿರಲಿಲ್ಲ. ಆದ್ದರಿಂದ ಮಂಜಿನ ಮೇಲೆ ಕೊಳವೆ ಹಾಸಿ ಸುಮಾರು 13 ಲಕ್ಷ ಗ್ಯಾಲನ್ ಡೀಸೆಲ್ ಮತ್ತು ಪೆಟ್ರೋಲನ್ನು ಊರಿನ ಟ್ಯಾಂಕುಗಳಿಗೆ ಹರಿಸಲಾಯಿತು. ನಮ್ಮ ಲೆಕ್ಕದಲ್ಲಿ ಇದು ಹೆಚ್ಚು ಕಡಿಮೆ 49 ಲಕ್ಷ ಲೀಟರ್. ಹಿಂದಿನ ನವೆಂಬರಿನ ಬಿರುಗಾಳಿಯಿಂದಾಗಿ ಚಳಿಗಾಲದ ಕೊನೆಯ ಎಣ್ಣೆ ಹಡಗು ಬಾರದೆ ಹೋಗಿತ್ತು. ಮೂರೂವರೆ ಸಾವಿರ ಜನರ ಊರು ಬೇಸಿಗೆಯವರೆಗೆ ಕಾಯುವಂತಿರಲಿಲ್ಲ.

ಅದರಲ್ಲಿದ್ದ ಡೀಸೆಲ್ ತುಂಬಿಕೊಂಡದ್ದು ದಕ್ಷಿಣ ಕೊರಿಯದಲ್ಲಿ. ಅಮೆರಿಕದ ಅತಿ ದೊಡ್ಡ ತೈಲ ನಿಕ್ಷೇಪಗಳಲ್ಲಿ ಒಂದಾದ ಪ್ರುಡೊ ಬೇ ಇರುವುದು ಇದೇ ಅಲಾಸ್ಕದಲ್ಲಿ! 1988ರಲ್ಲಿ ಅಲ್ಲಿಂದ ದಿನಕ್ಕೆ 20 ಲಕ್ಷ ಬ್ಯಾರೆಲ್ ಕಚ್ಚಾ ತೈಲ ಹರಿಯುತ್ತಿತ್ತು. ಈಗ ಅದು 5 ಲಕ್ಷಕ್ಕಿಂತ ಕೆಳಗೆ ಇಳಿದಿದೆ. ಎಣ್ಣೆಯನ್ನು ಜಗತ್ತಿಗೆ ಕೊಡುವ ನಾಡಿನ ಹಳ್ಳಿಗರೇ ಅಮೆರಿಕದಲ್ಲಿ ಎಣ್ಣೆಗೆ ಅತಿ ಹೆಚ್ಚು ಬೆಲೆ ತೆರುವವರ ಸಾಲಿನಲ್ಲಿ ನಿಂತದ್ದು ಹೇಗೆ? ಇದಕ್ಕೆ ಉತ್ತರ ಹುಡುಕಲು ನೂರೈವತ್ತು ವರ್ಷಗಳಿಗೂ ಹಿಂದೆ ಹೋಗಬೇಕಾಗುತ್ತದೆ.

ಅಲಾಸ್ಕ ವಿಸ್ತೀರ್ಣದಲ್ಲಿ ಕರ್ನಾಟಕದ ಸುಮಾರು ಒಂಬತ್ತು ಪಟ್ಟು. ಜನಸಂಖ್ಯೆ ಮಾತ್ರ ಏಳೂಕಾಲು ಲಕ್ಷದ ಆಸುಪಾಸು. ಉತ್ತರದ ಕರಾವಳಿಯಲ್ಲಿ ಇನುಪಿಯಾತ್, ನೈಋತ್ಯದ ನದೀಮುಖಗಳಲ್ಲಿ ಯೂಪಿಕ್ ಜನ ಸಾವಿರಾರು ವರ್ಷಗಳಿಂದ ಬಾಳಿದ್ದಾರೆ. ಶಾಲೆಯ ಪಾಠಗಳಲ್ಲಿ ಇವರನ್ನು 'ಎಸ್ಕಿಮೋ' ಎಂದು ಓದಿದವರೇ ಹೆಚ್ಚು. ಆ ಹೆಸರು ಈಗ ಅವರಲ್ಲಿ ಹಲವರಿಗೆ ಹಿಡಿಸದು. ಅವರ ಮನೆ ಅರ್ಧ ನೆಲದೊಳಗೆ ಹುದುಗಿರುತ್ತಿತ್ತು, ಮೇಲೆ ಹುಲ್ಲುಮಣ್ಣಿನ ಹೊದಿಕೆ. ಒಳಗೆ ಕಲ್ಲಿನ ಅಥವಾ ಮಣ್ಣಿನ ಅಗಲ ಹಣತೆ, ಅದಕ್ಕೆ ಸೀಲ್ ಪ್ರಾಣಿಯ ಕೊಬ್ಬಿನ ಎಣ್ಣೆ, ಪಾಚಿಯ ಬತ್ತಿ. ದೀಪ ಆರದಂತೆ ನೋಡಿಕೊಳ್ಳುವುದು ಹೆಂಗಸರ ಕೆಲಸ. ಬೆಳಕು, ಬಿಸಿ, ಅಡುಗೆ ಎಲ್ಲಕ್ಕೂ ಅದೊಂದೇ ಹಣತೆ. ಇಂಧನಕ್ಕಾಗಿ ಅವರು ಯಾರ ಮುಂದೆಯೂ ಕೈಚಾಚಬೇಕಿರಲಿಲ್ಲ.

ಹೊರಗಿನವರು ಎಣ್ಣೆ ಹುಡುಕಿ ಮೊದಲು ಬಂದದ್ದು 1848ರಲ್ಲಿ. ಅಮೆರಿಕದ ತಿಮಿಂಗಿಲ ಬೇಟೆಯ ಹಡಗೊಂದು ಬೇರಿಂಗ್ ಜಲಸಂಧಿ ದಾಟಿ ಉತ್ತರಕ್ಕೆ ನುಗ್ಗಿತು. ಅದರ ಬೆನ್ನಿಗೇ ನೂರಾರು ಹಡಗುಗಳು ಬಂದವು. ಪೂರ್ವ ಕರಾವಳಿಯ ನಗರಗಳ ದೀಪಗಳಿಗೆ ಆರ್ಕ್ಟಿಕ್ ತಿಮಿಂಗಿಲದ ಎಣ್ಣೆ ಹೋಯಿತು. ತಿಮಿಂಗಿಲ ಅಪರೂಪವಾದಾಗ ಬೇಟೆಗಾರರು ವಾಲ್ರಸ್‌ಗಳ ಮೇಲೆ ಬಿದ್ದರು. 1878ರಿಂದ 1880ರ ನಡುವೆ ಸೇಂಟ್ ಲಾರೆನ್ಸ್ ದ್ವೀಪದಲ್ಲಿ ಭೀಕರ ಕ್ಷಾಮ ತಲೆದೋರಿ ಅಲ್ಲಿನ ಬಹುಪಾಲು ಜನ ಸತ್ತರು. ಹವಾಮಾನ, ರೋಗ ಎಂದು ಇತಿಹಾಸಕಾರರು ಕೊಡುವ ಕಾರಣಗಳು ಹಲವು. ವಾಲ್ರಸ್‌ಗಳ ಮಾರಣಹೋಮವೂ ಅವುಗಳಲ್ಲಿ ಒಂದು.

ನಂತರ ಮಿಷನರಿಗಳು ಬಂದರು, ಸರ್ಕಾರಿ ಶಾಲೆಗಳು ಬಂದವು. ಋತುಮಾನಕ್ಕೆ ತಕ್ಕಂತೆ ತಾಣ ಬದಲಿಸುತ್ತಿದ್ದ ಕುಟುಂಬಗಳು ಶಾಲೆಯ ಸುತ್ತ ನೆಲೆ ನಿಂತವು. ಮರದ ಹಲಗೆಯ ಮನೆಗಳು ಎದ್ದವು. ನೋಡಲು ಚೆಂದವೇ. ಆದರೆ ಮೈನಸ್ ಮೂವತ್ತು ಡಿಗ್ರಿಯ ಗಾಳಿಗೆ ಎದೆಯೊಡ್ಡಿ ನಿಂತ ಅಂಥ ಮನೆಯನ್ನು ಹಣತೆಯಿಂದ ಬೆಚ್ಚಗಿಡಲಾಗದು. ಹೀಗೆ ಎಣ್ಣೆಯ ಒಲೆ ಬಂತು, ಅದರ ಹಿಂದೆ ಡೀಸೆಲ್ ಜನರೇಟರ್ ಬಂತು. ಹಳ್ಳಿಗಳ ವಿದ್ಯುತ್ ಸಹಕಾರ ಸಂಘ ಹುಟ್ಟಿದ್ದು 1968ರಲ್ಲಿ. ಪ್ರುಡೊ ಬೇಯಲ್ಲಿ ತೈಲ ಸಿಕ್ಕಿದ್ದೂ ಅದೇ ವರ್ಷ.

ತೈಲ ಸಿಕ್ಕಿದೊಡನೆ ಎದ್ದ ಪ್ರಶ್ನೆ: ನೆಲ ಯಾರದು? ರಷ್ಯದಿಂದ 1867ರಲ್ಲಿ 72 ಲಕ್ಷ ಡಾಲರಿಗೆ ಅಲಾಸ್ಕವನ್ನು ಕೊಂಡ ಅಮೆರಿಕ, ಅಲ್ಲಿನ ಮೂಲನಿವಾಸಿಗಳ ಹಕ್ಕನ್ನು ನೂರು ವರ್ಷ ಇತ್ಯರ್ಥಪಡಿಸಿರಲಿಲ್ಲ. ಕೊಳವೆಮಾರ್ಗ ಹಾಕಬೇಕಾದಾಗ ಅವಸರ ಬಂತು. 1971ರ ಕಾನೂನು 4.4 ಕೋಟಿ ಎಕರೆ ಭೂಮಿಯನ್ನೂ 96 ಕೋಟಿ ಡಾಲರಿಗೂ ಮಿಕ್ಕ ಪರಿಹಾರವನ್ನೂ ಕೊಟ್ಟಿತು. ಆದರೆ ಕೊಟ್ಟದ್ದು ಬುಡಕಟ್ಟುಗಳಿಗಲ್ಲ, ಹೊಸದಾಗಿ ಕಟ್ಟಿದ ಪ್ರಾದೇಶಿಕ ಮತ್ತು ಗ್ರಾಮ ಕಂಪನಿಗಳಿಗೆ. ಬೇಟೆಗಾರ ರಾತ್ರೋರಾತ್ರಿ ಷೇರುದಾರನಾದ. ನೋಮ್‌ಗೆ ರೆಂಡಾ ಹಡಗನ್ನು ತರಿಸಿದ ಸಿಟ್ನಾಸುವಾಕ್ ಕೂಡ ಅಂಥದೇ ಒಂದು ಗ್ರಾಮ ಕಂಪನಿ. 1977ರಲ್ಲಿ 800 ಮೈಲಿಯ ಕೊಳವೆಯಲ್ಲಿ ತೈಲ ಹರಿಯತೊಡಗಿತು. ಅದು ದಕ್ಷಿಣದ ವಾಲ್ಡೀಸ್ ಬಂದರಿಗೆ ಹೋಗಿ, ಅಲ್ಲಿಂದ ಹಡಗೇರಿ ದೂರದ ಸಂಸ್ಕರಣಾಗಾರಗಳನ್ನು ಸೇರುತ್ತದೆ. ಹಳ್ಳಿಯ ಜನರೇಟರಿಗೆ ಕಚ್ಚಾ ತೈಲ ಹಾಕಲಾಗುವುದಿಲ್ಲವಷ್ಟೆ. ಸಂಸ್ಕರಿಸಿದ ಡೀಸೆಲ್ ಸಮುದ್ರ ಸುತ್ತಿ ಮತ್ತೆ ಅಲಾಸ್ಕಕ್ಕೆ ಬರಬೇಕು.

ಬರುವ ದಾರಿಯೇ ಬೆಲೆಯನ್ನು ನಿರ್ಧರಿಸುತ್ತದೆ. ಹೆಚ್ಚಿನ ಹಳ್ಳಿಗಳಿಗೆ ರಸ್ತೆಯಿಲ್ಲ, ವಿದ್ಯುತ್ ತಂತಿಯಿಲ್ಲ. ಆಂಕರೇಜ್, ಫೇರ್‌ಬ್ಯಾಂಕ್ಸ್ ನಗರಗಳ ಜಾಲ ಅಲ್ಲಿಗೆ ತಲುಪುವುದಿಲ್ಲ. ಕೆಲವು ನೂರು ಜನರಿಗಾಗಿ ನೂರಾರು ಮೈಲಿ ಹೆಪ್ಪುಗಟ್ಟಿದ ನೆಲದಲ್ಲಿ ಕಂಬ ನೆಡುವುದು ಯಾವ ಲೆಕ್ಕಕ್ಕೂ ಕೂಡಿ ಬರದು. ಮಂಜು ಕರಗಿದ ಮೇಲೆ ಚಪ್ಪಟೆ ತಳದ ದೋಣಿಗಳು ನದಿಗುಂಟ ಬಂದು ಊರಿನ ಟ್ಯಾಂಕುಗಳನ್ನು ತುಂಬುತ್ತವೆ. ಅದು ಬೇಸಿಗೆಯಲ್ಲಿ ಒಂದೋ ಎರಡೋ ಬಾರಿ. ಆ ದಿನದ ಬೆಲೆಯೇ ಇಡೀ ಚಳಿಗಾಲದ ಬೆಲೆ.

ಇದರ ಪೆಟ್ಟು ಎಂಥದೆಂದು 2008 ತೋರಿಸಿತು. ಆ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲಿಗೆ 147 ಡಾಲರ್ ಮುಟ್ಟಿತು. ಹಳ್ಳಿಗಳು ಟ್ಯಾಂಕು ತುಂಬಿಸಿಕೊಂಡದ್ದು ಆ ಹೊತ್ತಿನಲ್ಲಿಯೇ. ಡಿಸೆಂಬರಿಗೆ ಬೆಲೆ 40 ಡಾಲರಿಗಿಂತ ಕೆಳಗಿಳಿದರೂ ಹಳ್ಳಿಗೆ ಅದರ ಲಾಭವಿಲ್ಲ. ಯೂಕಾನ್ ನದೀಮುಖದ ಎಮೋನಾಕ್ ಗ್ರಾಮದಲ್ಲಿ ಆ ವರ್ಷ ದೊಡ್ಡ ಸಾಲ್ಮನ್ ಮೀನೂ ಕೈಕೊಟ್ಟಿತ್ತು, ನದಿಯೂ ಬೇಗ ಹೆಪ್ಪುಗಟ್ಟಿ ಎಣ್ಣೆಯನ್ನು ವಿಮಾನದಲ್ಲಿ ತರಿಸಬೇಕಾಯಿತು. ಮನೆಗೆ ಎಣ್ಣೆಯೋ, ಮಕ್ಕಳಿಗೆ ಊಟವೋ ಎಂದು ಆರಿಸಿಕೊಳ್ಳಬೇಕಾಗಿದೆ ಎಂದು ಗ್ರಾಮಸ್ಥರೊಬ್ಬರು ಬರೆದ ಪತ್ರ 2009ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಬಂದು ದೇಶದ ಗಮನ ಸೆಳೆಯಿತು. ಅದೇ 2008ರಲ್ಲಿ ರಾಜ್ಯದ ಬೊಕ್ಕಸ ತೈಲದ ಹಣದಿಂದ ತುಂಬಿತ್ತು. ಪ್ರತಿ ನಿವಾಸಿಗೂ ಲಾಭಾಂಶ ಹಾಗೂ ವಿಶೇಷ ಸಹಾಯ ಸೇರಿ 3,269 ಡಾಲರ್ ಹಂಚಲಾಯಿತು. ಹಳ್ಳಿಯವರ ಪಾಲಿಗೆ ಅದು ಎಣ್ಣೆಗೆ ಕೊಟ್ಟದ್ದರ ಒಂದಂಶ ಹಿಂದೆ ಬಂದಂತೆ.

ದುಬಾರಿ ಎಣ್ಣೆಯೆಂದರೆ ಬರಿಯ ದೀಪದ ಮಾತಲ್ಲ. ಮೀನು, ಸೀಲ್, ಕರಿಬು ಜಿಂಕೆ ಇವರ ನಿತ್ಯದ ಆಹಾರ. ಅವನ್ನು ಹಿಡಿಯಲು ಈಗ ನಾಯಿಬಂಡಿಯಲ್ಲಿ ಹೋಗುವವರು ಕಡಿಮೆ. ಮೋಟಾರು ದೋಣಿ ಬೇಕು, ಹಿಮದ ಮೇಲೆ ಓಡುವ ಸ್ಕೂಟರಿನಂಥ ವಾಹನ ಬೇಕು. ಪೆಟ್ರೋಲ್ ದುಬಾರಿಯಾದರೆ ಬೇಟೆ ಹತ್ತಿರದಲ್ಲೇ ಮುಗಿಯುತ್ತದೆ. ಬೇಟೆ ಕಡಿಮೆಯಾದರೆ ಅಂಗಡಿಯ ಊಟ, ಅದೂ ವಿಮಾನದಲ್ಲಿ ಬಂದದ್ದು. ಅಜ್ಜ ಮೊಮ್ಮಗನಿಗೆ ಬೇಟೆ ಕಲಿಸುವ ದಿನಗಳಿಗೂ ಇದರಿಂದ ಕತ್ತರಿ ಬೀಳುತ್ತದೆ.

ಕರೆಂಟಿನ ಹೊರೆ ಇಳಿಸಲು ರಾಜ್ಯ 1984ರಲ್ಲಿ ಒಂದು ಸಹಾಯಧನ ಯೋಜನೆ ತಂದಿತು. ಇದು ದಾನವೆಂದು ನಗರದವರು ಗೊಣಗುವುದುಂಟು. ಚರಿತ್ರೆ ಬೇರೆಯೇ ಹೇಳುತ್ತದೆ. ತೈಲದ ಹಣದಿಂದ ನಗರಗಳ ಕಡೆಗೆ ಜಲವಿದ್ಯುತ್ ಕೇಂದ್ರ, ದೊಡ್ಡ ತಂತಿ ಮಾರ್ಗಗಳನ್ನು ಕಟ್ಟಿಕೊಟ್ಟಾಗ, ಅವುಗಳ ಫಲ ಕಾಣದ ಹಳ್ಳಿಗಳಿಗೆ ಪ್ರತಿಯಾಗಿ ಒಪ್ಪಿಕೊಂಡ ಪಾಲು ಇದು. ಹಳ್ಳಿಗಳ ಮೂಲ ದರ ನಗರಕ್ಕಿಂತ ಮೂರರಿಂದ ಐದು ಪಟ್ಟು. ಸುಮಾರು 190 ಊರುಗಳಿಗೆ ಈ ಸಹಾಯ ಸಿಗುತ್ತದೆ. ಮನೆಗಳಿಗೆ ತಿಂಗಳಿಗೆ 500 ಯೂನಿಟ್‌ವರೆಗೆ ಇದ್ದ ಮಿತಿಯನ್ನು 2022ರಲ್ಲಿ 750ಕ್ಕೆ ಏರಿಸಲಾಯಿತು. ಶಾಲೆಗೂ ಅಂಗಡಿಗೂ ಇದು ಅನ್ವಯಿಸದು. ಮನೆ ಕಾಯಿಸುವ ಎಣ್ಣೆಗಂತೂ ಇಲ್ಲವೇ ಇಲ್ಲ. 2021ರಲ್ಲಿ ಈ ನಿಧಿಯನ್ನೇ ಬೇರೆ ಖಾತೆಗೆ ಎಳೆದುಕೊಳ್ಳಬಹುದೆಂದು ರಾಜ್ಯದ ಆಡಳಿತ ವಾದಿಸಿದಾಗ ಮೂಲನಿವಾಸಿಗಳ ಒಕ್ಕೂಟ ನ್ಯಾಯಾಲಯಕ್ಕೆ ಹೋಗಿ ಗೆದ್ದಿತು.

ಹಾಗಾದರೆ ಗಣಿ, ಬಾವಿಗಳು ಪಕ್ಕದಲ್ಲೇ ಬಂದರೆ ಹಳ್ಳಿಗೆ ಅಗ್ಗದ ಇಂಧನ ಸಿಗುವುದಿಲ್ಲವೆ? ಹಿಂದೆ ಬ್ಯಾರೋ ಎನಿಸಿಕೊಂಡಿದ್ದ ಉಟ್ಕಿಯಾಗ್ವಿಕ್‌ನ ಕಥೆ ಕೇಳಬೇಕು. 1949ರಲ್ಲಿ ನೌಕಾಪಡೆ ಅಲ್ಲಿ ಅನಿಲ ಕಂಡುಕೊಂಡು ತನ್ನ ಶಿಬಿರಕ್ಕೆ ಕೊಳವೆ ಎಳೆಯಿತು. ಊರಿನವರಿಗೆ ಅದನ್ನು ಮಾರಲು ಅಮೆರಿಕದ ಸಂಸತ್ತಿನಲ್ಲಿ ಕಾನೂನೇ ಆಗಬೇಕಾಯಿತು, ಅದು 1962ರಲ್ಲಿ! ಇದು ನಮಗೇನೂ ಅಪರಿಚಿತವಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರು ಬೆಳಗಿದ್ದು 1905ರಲ್ಲಿ. ಹಳ್ಳಿಗಳ ಸರದಿ ಎಷ್ಟೋ ದಶಕ ತಡವಾಗಿ ಬಂತು. ಉಟ್ಕಿಯಾಗ್ವಿಕ್ ಈಗ ಅದೇ ಅನಿಲದಿಂದ ಕಡಿಮೆ ಖರ್ಚಿನಲ್ಲಿ ಬೆಚ್ಚಗಿದೆ. ತೈಲ ಬಾವಿಗಳ ನೆರೆಯ ನುಯಿಕ್ಸಟ್‌ಗೂ ಅನಿಲ ಸಿಕ್ಕಿದೆ. ಆದರೂ 2023ರ ಮಾರ್ಚಿನಲ್ಲಿ ಹತ್ತಿರದ 'ವಿಲ್ಲೋ' ತೈಲ ಯೋಜನೆಗೆ ಒಪ್ಪಿಗೆ ಸಿಕ್ಕಾಗ ನುಯಿಕ್ಸಟ್‌ನ ಮೇಯರ್ ವಿರೋಧಿಸಿದರು, ಪ್ರಾದೇಶಿಕ ಕಂಪನಿ ಸ್ವಾಗತಿಸಿತು. ಒಂದೇ ಜನಾಂಗ, ಎರಡು ಮಾತು. ಕರಿಬು ದಾರಿ ತಪ್ಪೀತೆಂಬ ಭಯ ಒಂದೆಡೆ, ಶಾಲೆ, ಆಸ್ಪತ್ರೆ ನಡೆಸುವ ತೆರಿಗೆ ಇನ್ನೊಂದೆಡೆ.

ರೆಡ್ ಡಾಗ್ ಸತುವಿನ ಗಣಿಯದು ಇನ್ನೊಂದು ಬಗೆ. ಇನುಪಿಯಾತರ ನಾನಾ ಕಂಪನಿಯ ನೆಲದಲ್ಲಿ 1989ರಲ್ಲಿ ಆರಂಭವಾದ ಈ ಗಣಿ ಜಗತ್ತಿನ ಅತಿ ದೊಡ್ಡ ಸತುವಿನ ಗಣಿಗಳಲ್ಲೊಂದು. ಕಾನೂನಿನ ಪ್ರಕಾರ ಅದರ ಆದಾಯದಲ್ಲಿ ಶೇಕಡಾ 70 ಭಾಗ ಇತರ ಪ್ರಾದೇಶಿಕ ಕಂಪನಿಗಳೊಂದಿಗೆ ಹಂಚಿಕೆಯಾಗುತ್ತದೆ. ಸ್ಥಳೀಯರಿಗೆ ಉದ್ಯೋಗವೂ ಸಿಕ್ಕಿದೆ. ಆದರೆ ಗಣಿಯಿಂದ ಬಂದರಿಗೆ ಹಾಕಿದ 52 ಮೈಲಿ ರಸ್ತೆಯಲ್ಲಿ ಒಂದು ಹಳ್ಳಿಯೂ ಇಲ್ಲ. ಐವತ್ತು-ಅರವತ್ತು ಕಿಲೋಮೀಟರ್ ದೂರದ ನೊಯಾಟಕ್‌ನಲ್ಲಿ ನದಿಯ ಆಳ ಕಡಿಮೆಯಾಗಿ ಎಣ್ಣೆ ದೋಣಿ ನಿಂತಿದೆ. ಅಲ್ಲಿಗೆ ಎಣ್ಣೆ ಬರುವುದು ವಿಮಾನದಲ್ಲಿ, ಬೆಲೆಯೂ ಆ ಪ್ರದೇಶದಲ್ಲೇ ಅತಿ ಹೆಚ್ಚಿನದರ ಪೈಕಿ. ಗಣಿಯ ನೀರು ಸೇರುವ ವುಲಿಕ್ ನದಿಯನ್ನು ಕುಡಿಯುವ ಕಿವಲೀನ ಗ್ರಾಮದ ಕೆಲವರು 2004ರಲ್ಲಿ ಮೊಕದ್ದಮೆ ಹೂಡಿದ್ದರು.

ಹಳ್ಳಿಗಳೂ ಕೈಕಟ್ಟಿ ಕೂತಿಲ್ಲ. ಹಲವೆಡೆ ಜನರೇಟರ್ ತಣಿಸಿದ ಬಿಸಿನೀರನ್ನು ನೀರಿನ ಸ್ಥಾವರಕ್ಕೆ ಹಾಯಿಸಿ ಕೊಳವೆಗಳು ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತಾರೆ. ಕಾಟ್ಸೆಬ್ಯೂ ಪಟ್ಟಣ 1997ರಲ್ಲಿಯೇ ಗಾಳಿಯಂತ್ರ ನೆಟ್ಟಿತು. ಕುಸ್ಕೋಕ್ವಿಮ್ ನದೀಮುಖದ ಕೊಂಗಿಗನಾಕ್, ಕ್ವಿಗಿಲ್ಲಿಂಗೋಕ್ ಎಂಬ ಯೂಪಿಕ್ ಹಳ್ಳಿಗಳ ಉಪಾಯ ಇನ್ನೂ ಸ್ವಾರಸ್ಯದ್ದು. ರಾತ್ರಿ ಗಾಳಿ ಜೋರಾಗಿ ಬೇಡಿಕೆಗಿಂತ ಹೆಚ್ಚು ವಿದ್ಯುತ್ತು ಬಂದಾಗ ಅದು ಮನೆಗಳಲ್ಲಿಟ್ಟ ಒಲೆಗಳ ಇಟ್ಟಿಗೆಯನ್ನು ಕಾಯಿಸುತ್ತದೆ. ಇಟ್ಟಿಗೆ ಮರುದಿನವೆಲ್ಲ ಬಿಸಿ ಕೊಡುತ್ತದೆ, ಅಷ್ಟು ಎಣ್ಣೆ ಉಳಿಯುತ್ತದೆ.

2025ರ ಅಕ್ಟೋಬರಿನಲ್ಲಿ 'ಹಾಲಾಂಗ್' ಚಂಡಮಾರುತದ ಶೇಷ ಈ ತೀರಕ್ಕೆ ಅಪ್ಪಳಿಸಿತು. ಕಿಪ್ನಕ್ ಮತ್ತು ಕ್ವಿಗಿಲ್ಲಿಂಗೋಕ್‌ಗಳಲ್ಲಿ ಮನೆಗಳು ಬುಡಸಮೇತ ಕಿತ್ತು ತೇಲಿಹೋದವು. ಸಾವಿರಕ್ಕೂ ಹೆಚ್ಚು ಜನ ಊರು ಬಿಡಬೇಕಾಯಿತು. ನೂರಾರು ಮಂದಿಯನ್ನು ವಿಮಾನಗಳಲ್ಲಿ ಆಂಕರೇಜ್‌ಗೆ ಸಾಗಿಸಲಾಯಿತು. ಅಲ್ಲಿನ ಕರೆಂಟಿನ ದರ ಹಳ್ಳಿಯ ಮೂಲ ದರದ ಒಂದು ಪಾಲಷ್ಟೆ. ಆದರೆ ಸೀಲ್ ಬೇಟೆಗೆ ದೋಣಿ ಇಳಿಸುವ ದಡ ಅಲ್ಲಿಲ್ಲ.