ಪಪ್ಪಾಯಿಯೊಳಗಿನ ಕತ್ತರಿ

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ನಾವು ಆರ್‌ಎನ್‌ಎ ಇಂಟರ್‌ಫಿಯರೆನ್ಸ್ ಓದುವುದು ತಂಬಾಕಿನ ಬೇರನ್ನು ಕಾಡುವ ದುಂಡುಹುಳುವಿನ ಉದಾಹರಣೆಯಿಂದ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಗಿಡಗಳು ಇದೇ ವಿದ್ಯೆಯಿಂದ ವೈರಸ್‌ಗಳನ್ನೂ ತಡೆಯುತ್ತವೆ. ಹವಾಯಿಯ ಪಪ್ಪಾಯಿಯ ಕಥೆ ನೋಡಿ.

1992ರಲ್ಲಿ ಅಲ್ಲಿನ ಪಪ್ಪಾಯಿ ಕಣಜವಾದ ಪುನಾ ಪ್ರದೇಶಕ್ಕೆ ಉಂಗುರಚುಕ್ಕೆ ವೈರಸ್ ಕಾಲಿಟ್ಟಿತು. ಗಿಡಹೇನುಗಳು ಅದನ್ನು ಗಿಡದಿಂದ ಗಿಡಕ್ಕೆ ಹರಡುತ್ತವೆ. ಎಲೆ ವಿಕಾರವಾಗುತ್ತದೆ, ಕಾಯಿಯ ಮೇಲೆ ಉಂಗುರಗಳು ಮೂಡುತ್ತವೆ, ಇಳುವರಿ ಕುಸಿಯುತ್ತದೆ. ರೋಗ ತಗುಲಿದ ಗಿಡಕ್ಕೆ ಔಷಧಿ ಇಲ್ಲ. ಅದೃಷ್ಟಕ್ಕೆ, ಹವಾಯಿಯಲ್ಲೇ ಹುಟ್ಟಿ ಬೆಳೆದ ವಿಜ್ಞಾನಿ ಡೆನಿಸ್ ಗೊನ್ಸಾಲ್ವಿಸ್ ಮತ್ತು ಸಂಗಡಿಗರು ಅಷ್ಟರಲ್ಲೇ ಈ ವೈರಸ್‌ನ ಹೊರಕವಚದ ಜೀನನ್ನು ಜೀನ್ ಗನ್ ಮೂಲಕ ಪಪ್ಪಾಯಿಗೆ ಸೇರಿಸಿದ್ದರು. ಅದರಿಂದ ಬಂದ ‘ರೇನ್‌ಬೋ’ ತಳಿಯ ಬೀಜ 1998ರಲ್ಲಿ ರೈತರ ಕೈಸೇರಿತು. ದುಂಡುಹುಳುವಿನಲ್ಲಿ ಎರಡೆಳೆಯ ಆರ್‌ಎನ್‌ಎ ಜೀನ್‌ಗಳನ್ನು ಮೌನಗೊಳಿಸುತ್ತದೆ ಎಂದು ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ತೋರಿಸಿದ್ದೂ ಅದೇ ವರ್ಷ. 2006ರಲ್ಲಿ ಅವರಿಗೆ ನೊಬೆಲ್ ಬಂತು.

ಕವಚದ ಪ್ರೋಟೀನೇ ವೈರಸ್ಸಿಗೆ ಅಡ್ಡ ನಿಲ್ಲುತ್ತದೆ ಎಂಬುದು ಮೊದಲಿನ ಊಹೆ. ನಿಜವಾಗಿ ಕೆಲಸ ಮಾಡುವುದು ಆರ್‌ಎನ್‌ಎ. ಸೇರಿಸಿದ ಜೀನಿನಿಂದ ಬಂದ ಆರ್‌ಎನ್‌ಎ ಎರಡೆಳೆಯಾದಾಗ, ಡೈಸರ್ ಎಂಬ ಕಿಣ್ವ ಅದನ್ನು ಸುಮಾರು 21ರಿಂದ 24 ನ್ಯೂಕ್ಲಿಯೋಟೈಡ್‌ಗಳ ಚೂರುಗಳಾಗಿ ಕತ್ತರಿಸುತ್ತದೆ. ಚೂರಿನ ಒಂದು ಎಳೆ ಆರ್ಗೊನಾಟ್ ಎಂಬ ಪ್ರೋಟೀನಿನೊಳಗೆ ಕೂರುತ್ತದೆ, ಪೊಲೀಸರ ಕೈಯಲ್ಲಿರುವ ಆರೋಪಿಯ ಫೋಟೊದಂತೆ. ಅದಕ್ಕೆ ಜೋಡಿಯಾಗುವ ಆರ್‌ಎನ್‌ಎ ಎದುರಾದರೆ ಆರ್ಗೊನಾಟ್ ತುಂಡರಿಸುತ್ತದೆ. ಈ ವೈರಸ್ಸಿನ ಜೀನೋಮೇ ಆರ್‌ಎನ್‌ಎ. ಅದೇ ತುಂಡಾದರೆ ಪ್ರತಿ ತೆಗೆಯುವುದು ಯಾವುದನ್ನು?

ಹಾಗಾದರೆ ಸಾಮಾನ್ಯ ಪಪ್ಪಾಯಿ ಏಕೆ ಸೋಲುತ್ತದೆ? ಅದರಲ್ಲೂ ಈ ಕತ್ತರಿ ಇದೆ. ಆದರೆ ವೈರಸ್ ಎಚ್‌ಸಿ-ಪ್ರೊ ಎಂಬ ಪ್ರೋಟೀನನ್ನು ತಯಾರಿಸಿ ಆ ಚೂರುಗಳನ್ನೇ ಹಿಡಿದಿಡುತ್ತದೆ. ರೇನ್‌ಬೋದಲ್ಲಿ ವೈರಸ್ ಬರುವ ಮೊದಲೇ ಚೂರುಗಳು ಸಿದ್ಧವಾಗಿರುತ್ತವೆ. ಹೀಗೆ ಮುಂಚಿತವಾಗಿ ಸಿಗುವ ಸಮಯವೇ ಗಿಡವನ್ನು ಉಳಿಸುತ್ತದೆ.

ಕರ್ನಾಟಕದ ಪಪ್ಪಾಯಿ ತೋಟಗಳನ್ನೂ ಇದೇ ರೋಗ ಕಾಡುತ್ತಿದೆ. ಹವಾಯಿಯಿಂದ ಬೀಜ ತರಿಸಿದರಾಯಿತು ಅನ್ನಿಸಬಹುದು, ಆದರೆ ಅದು ನಡೆಯದು. ಎ-ಯು, ಜಿ-ಸಿ ಜೋಡಿಗಳು ಸರಿಯಾಗಿ ಹೊಂದಿದರಷ್ಟೇ ಕತ್ತರಿ ನಡೆಯುತ್ತದೆ. ಬೇರೆ ದೇಶಗಳ ವೈರಸ್ ತಳಿಗಳಲ್ಲಿ ಅಕ್ಷರಗಳ ಕ್ರಮ ಸಾಕಷ್ಟು ಬದಲಾಗಿದ್ದು, ಅಂಥ ತಳಿಗಳಿಗೆ ರೇನ್‌ಬೋ ತುತ್ತಾಗಿದೆ. ನಮ್ಮ ತೋಟಗಳಿಗೆ ಇಂಥ ತಳಿ ಬೇಕೆಂದರೆ ನಮ್ಮಲ್ಲಿನ ವೈರಸ್ಸಿನ ಜೀನನ್ನೇ ಓದಿ ಶುರುಮಾಡಬೇಕು.