ವಿದ್ಯುತ್ ಬೇಲಿಯ ದೋಷಪತ್ತೆ

ವಿದ್ಯುತ್ ಬೇಲಿಯು ತಂತಿಯಲ್ಲಿ ಅಧಿಕ ವೋಲ್ಟೇಜಿನ ಕ್ಷಣಿಕ ಮಿಡಿತಗಳನ್ನು ಹರಿಸಿ ಪ್ರಾಣಿಗಳನ್ನು ಹೊಲದಿಂದ ದೂರವಿಡುವ ವ್ಯವಸ್ಥೆಯಾಗಿದೆ. ಮಿಡಿತಗಳನ್ನು ಉಂಟುಮಾಡುವ ಉಪಕರಣವನ್ನು ರೈತರು ಝಟ್ಕಾ ಯಂತ್ರವೆಂದು ಕರೆಯುತ್ತಾರೆ. ಕೊಪ್ಪಳ ಜಿಲ್ಲೆಯಲ್ಲಿ ಕೊಪ್ಪಳ, ಗಂಗಾವತಿ ಭಾಗದ ಗುಡ್ಡಗಳಲ್ಲಿ ಕರಡಿಗಳೂ ಯಲಬುರ್ಗಾ, ಕುಷ್ಟಗಿ ಭಾಗದ ಬಯಲಿನಲ್ಲಿ ಕೃಷ್ಣಮೃಗಗಳೂ ಇವೆ. ಇವುಗಳಿಂದಲೂ ಕಾಡುಹಂದಿಗಳಿಂದಲೂ ಬೆಳೆಯನ್ನು ಕಾಯುವುದು ಇಲ್ಲಿನ ರೈತರಿಗೆ ಅನಿವಾರ್ಯ.

ಕಾರ್ಯವಿಧಾನ

ಸಾಮಾನ್ಯವಾಗಿ 12 ವೋಲ್ಟಿನ ಬ್ಯಾಟರಿಯಿಂದ ಬರುವ ವಿದ್ಯುತ್ತು ಯಂತ್ರದೊಳಗಿನ ಕೆಪಾಸಿಟರಿನಲ್ಲಿ ಶೇಖರವಾಗಿ, ಟ್ರಾನ್ಸ್‌ಫಾರ್ಮರಿನ ಮೂಲಕ ಒಮ್ಮೆಲೇ ಬಿಡುಗಡೆಯಾಗುತ್ತದೆ. ಆಗ ತಂತಿಯಲ್ಲಿ ಹಲವು ಸಾವಿರ ವೋಲ್ಟುಗಳ ಮಿಡಿತ ಉಂಟಾಗುತ್ತದೆ. ಮಿಡಿತವು ಸೆಕೆಂಡಿನ ಅತ್ಯಲ್ಪ ಅಂಶದಲ್ಲಿ ಮುಗಿಯುತ್ತದೆ. ಮುಂದಿನದು ಸುಮಾರು ಒಂದು ಸೆಕೆಂಡಿನ ಬಳಿಕ ಬರುತ್ತದೆ. ತಂತಿಯನ್ನು ಮುಟ್ಟಿದ ಪ್ರಾಣಿಯ ದೇಹ, ನೆಲ ಮತ್ತು ಅರ್ಥಿಂಗ್ ಸರಳಿನ ಮೂಲಕ ವಿದ್ಯುತ್ತು ಯಂತ್ರಕ್ಕೆ ಮರಳಿದಾಗ ಮಾತ್ರ ಮಂಡಲ ಪೂರ್ಣಗೊಂಡು ಆಘಾತವಾಗುತ್ತದೆ. ಎರಡು ಮಿಡಿತಗಳ ನಡುವಿನ ಬಿಡುವಿನಲ್ಲಿ ಪ್ರಾಣಿ ತಂತಿಯಿಂದ ಹಿಂದೆ ಸರಿಯಬಲ್ಲದು.

ಸಾಮಾನ್ಯ ದೋಷಗಳು

ಆಘಾತ ದುರ್ಬಲವಾದಾಗ ಮೊದಲು ಯಂತ್ರದ ಮೇಲೆ ಸಂಶಯ ಬರುವುದು ಸಹಜ. ಆದರೆ ದೋಷವು ಅನೇಕ ವೇಳೆ ಯಂತ್ರದ ಹೊರಗೇ ಇರುತ್ತದೆ. ಯಂತ್ರವನ್ನು ನಿಲ್ಲಿಸಿ, ಬೇಲಿಯ ತಂತಿಯನ್ನು ಕಳಚಿ, ಮತ್ತೆ ಚಾಲೂ ಮಾಡಿ ಯಂತ್ರದ ವೋಲ್ಟೇಜನ್ನಷ್ಟೇ ಅಳೆದರೆ ಇದು ತಿಳಿಯುತ್ತದೆ. ಅಳತೆಗೆ ಬೇಲಿಗೆಂದೇ ತಯಾರಿಸಿದ ವೋಲ್ಟ್‌ಮೀಟರ್ ಬೇಕು. ಸಾಮಾನ್ಯ ಮಲ್ಟಿಮೀಟರ್ ಇದಕ್ಕೆ ತಕ್ಕುದಲ್ಲ. ಅಳತೆ ಸರಿಯಿದ್ದರೆ ಕೆಳಗಿನವುಗಳನ್ನು ಪರಿಶೀಲಿಸಬೇಕು:

* ಅರ್ಥಿಂಗ್: ಒಣಗಿದ ಮಣ್ಣು ವಿದ್ಯುತ್ತನ್ನು ಸರಿಯಾಗಿ ಹರಿಸದು. ತುಂಗಭದ್ರಾ ಕಾಲುವೆಯ ನೀರುಂಡ ಗಂಗಾವತಿಯ ಭತ್ತದ ಗದ್ದೆಗಿಂತ ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲಗಳಲ್ಲಿ ಬೇಸಿಗೆಯಲ್ಲಿ ಈ ತೊಂದರೆ ಹೆಚ್ಚು. ಸರಳುಗಳ ಸಂಖ್ಯೆಯನ್ನೂ ಆಳವನ್ನೂ ಹೆಚ್ಚಿಸುವುದು ಪರಿಹಾರ.
* ಸೋರಿಕೆ: ತಂತಿಗೆ ತಾಗುವ ಹಸಿ ಹುಲ್ಲು ಮತ್ತು ಒಡೆದ ಇನ್ಸುಲೇಟರ್ ಮಿಡಿತವನ್ನು ನೆಲಕ್ಕಿಳಿಸುತ್ತವೆ. ಅಂಥ ಕಡೆ ಚಟಚಟ ಸದ್ದು ಕೇಳಿಸಬಹುದು. ರಾತ್ರಿ ಕಿಡಿ ಕಾಣಬಹುದು.
* ಜೋಡಣೆ: ತುಕ್ಕು ಹಿಡಿದ ಅಥವಾ ಸಡಿಲವಾದ ಗಂಟುಗಳು.

ಬೇಲಿ ಕಳಚಿದಾಗಲೂ ಅಳತೆ ಕಡಿಮೆಯಿದ್ದರೆ ಮೊದಲು ಬ್ಯಾಟರಿ ಹಾಗೂ ಸೌರಫಲಕವನ್ನು ನೋಡಬೇಕು. ಯಂತ್ರವನ್ನು ನಿಲ್ಲಿಸಿದ ಮೇಲೂ ಕೆಪಾಸಿಟರಿನಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು. ಆದುದರಿಂದ ಅದನ್ನು ಬಿಚ್ಚುವ ಕೆಲಸ ತರಬೇತಿ ಪಡೆದವರದು.

ಅಪಾಯ ಮತ್ತು ಕಾನೂನು

ಮನೆಯಲ್ಲೇ ಜೋಡಿಸಿದ ಯಂತ್ರಗಳಲ್ಲಿ ಮಿಡಿತದ ಶಕ್ತಿಗೂ ಅವಧಿಗೂ ಖಚಿತ ಮಿತಿ ಇರುವುದಿಲ್ಲ. ಇನ್ನೂ ಘೋರವಾದುದು, ಬೇಲಿಗೆ ಪಂಪ್‌ಸೆಟ್ಟಿನ ಅಥವಾ ಮನೆಯ ವಿದ್ಯುತ್ತನ್ನು ನೇರವಾಗಿ ಕೊಡುವುದು. 230 ವೋಲ್ಟ್ ಎಂಬ ಸಂಖ್ಯೆ ಯಂತ್ರದ ವೋಲ್ಟೇಜಿಗಿಂತ ಚಿಕ್ಕದಾದರೂ ಆ ವಿದ್ಯುತ್ತು ಬಿಡುವಿಲ್ಲದೆ ಹರಿಯುತ್ತದೆ. ಸ್ನಾಯುಗಳು ಸೆಟೆದು ಮುಟ್ಟಿದವರಿಗೆ ಕೈ ಬಿಡಿಸಿಕೊಳ್ಳಲಾಗದು. ಹೃದಯದ ಬಡಿತ ತಪ್ಪಿ ಸಾವು ಸಂಭವಿಸಬಹುದು. ಇಂಥ ಬೇಲಿಗೆ ಬಲಿಯಾಗುವವರಲ್ಲಿ ರಾತ್ರಿ ನೀರು ಹಾಯಿಸಲು ಹೋದ ರೈತರೂ ಸೇರುತ್ತಾರೆ.

ಅಕ್ರಮವಾಗಿ ವಿದ್ಯುತ್ ಪಡೆಯುವುದು 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನಂತೆ ಕಳ್ಳತನ. ಕರಡಿ ಮತ್ತು ಕೃಷ್ಣಮೃಗಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ. ವಿದ್ಯುತ್ ಬೇಲಿಯ ಉದ್ದೇಶ ಪ್ರಾಣಿಯನ್ನು ಬೆದರಿಸಿ ಹಿಂದೆ ಕಳುಹಿಸುವುದೇ ಹೊರತು ಕೊಲ್ಲುವುದಲ್ಲ.