ಭಾರ ತಳದಲ್ಲಿರಲಿ

ಹಳಗನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಕಂಪ್ಯೂಟರಿನ ಮಾತೇಕೆಂದು ತಾವು ಕೇಳಬಹುದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರುವ ನನ್ನ ಮಗನಿಗೆ ಹಳೆಯ ಯಂತ್ರಗಳನ್ನು ದುರಸ್ತಿ ಮಾಡುವ ಹವ್ಯಾಸ. ಅದೇ ರಾಜ್ಯದ ಮೇನಾರ್ಡ್ ಊರಿನ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ 1970ರಲ್ಲಿ ಹೊರತಂದ ಪಿಡಿಪಿ-11 ಅವನ ಮನೆಯಲ್ಲಿದೆ.

ಇದರ ಅಂಗಗಳನ್ನು 19 ಅಂಗುಲದ ಉಕ್ಕಿನ ಚೌಕಟ್ಟಿನಲ್ಲಿ, ಮೇಜಿನ ಡ್ರಾಯರುಗಳಂತೆ, ಒಂದರ ಮೇಲೊಂದು ಕೂರಿಸುತ್ತಾರೆ. ಆರ್‌ಕೆ05 ಎಂಬ ಡಿಸ್ಕ್ ಪೆಟ್ಟಿಗೆಯೊಂದರ ತೂಕವೇ ಸುಮಾರು 50 ಕಿಲೋ. ಅದರಲ್ಲಿ ಹಿಡಿಸುವ ಮಾಹಿತಿಯೋ ಬರಿಯ ಎರಡೂವರೆ ಮೆಗಾಬೈಟ್! ಅಂಥ ಪೆಟ್ಟಿಗೆಯನ್ನು ಹಳಿಗಳ ಮೇಲೆ ಮುಂದಕ್ಕೆಳೆದರೆ ಗುರುತ್ವಕೇಂದ್ರವೂ ಮುಂದೆ ಸರಿಯುತ್ತದೆ. ಅದು ಚೌಕಟ್ಟಿನ ಪಾದವನ್ನು ದಾಟಿತೆಂದರೆ ಇಡೀ ಚೌಕಟ್ಟೇ ಎದುರು ನಿಂತವನ ಮೇಲೆ ಮಗುಚುತ್ತದೆ.

ಒಂದು ಸಂಜೆ ಮಗ ಅವಸರದಲ್ಲಿ ಎರಡು ಪೆಟ್ಟಿಗೆಗಳನ್ನು ಒಟ್ಟಿಗೆ ಹೊರಗೆಳೆದ. ಚೌಕಟ್ಟಿನ ಹಿಂಬದಿ ನೆಲ ಬಿಟ್ಟೆದ್ದಿತು. ನಾನು ಹಿಡಿಯಹೋದೆ. "ಅಪ್ಪಾ, ಹಿಡೀಬೇಡಿ, ದೂರ ಸರೀರಿ!" ಎಂದು ಕೂಗುತ್ತಲೇ ಒಂದು ಪೆಟ್ಟಿಗೆಯನ್ನು ಒಳಕ್ಕೆ ನೂಕಿದ. ಚೌಕಟ್ಟು ದಡಕ್ಕನೆ ನೆಲಕ್ಕೂರಿತು. ಎಷ್ಟೋ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಅಂದು ಕಲಿತ ನಿಯಮಗಳು ಸರಳ. ಮೊದಲು ವಿದ್ಯುತ್ತನ್ನು ಕಡಿಯಬೇಕು. ಚೌಕಟ್ಟಿನ ಮುಂಗಾಲುಗಳನ್ನು ಹೊರಗೆ ಚಾಚಿ ನೆಲಕ್ಕೆ ಊರಬೇಕು. ಹಳಿ, ತಿರುಪು, ಕೊಂಡಿಗಳು ಸವೆದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಭಾರವಾದುದನ್ನು ಕೆಳಗಿನಿಂದ ತುಂಬುತ್ತ ಬರಬೇಕು. ಹೊರಗೆಳೆಯುವುದು ಒಮ್ಮೆಗೆ ಒಂದನ್ನೇ. ಎತ್ತಲು ಇಬ್ಬರಾದರೂ ಬೇಕು, ಇಲ್ಲವೆ ಎತ್ತುವ ಯಂತ್ರ ಬೇಕು. ಎಲ್ಲಕ್ಕೂ ಮಿಗಿಲಾಗಿ, ಬೀಳುವ ಚೌಕಟ್ಟಿಗೆ ಮೈಯೊಡ್ಡಬಾರದು.

ನಮ್ಮ ತೇರು ಕಟ್ಟುವವರಿಗೆ ಇದು ಹೊಸ ವಿದ್ಯೆಯಲ್ಲ. ಗಡ್ಡೆಗೆ ಭಾರದ ಮರ, ಮೇಲಕ್ಕೆ ಬಿದಿರು ಮತ್ತು ಬಟ್ಟೆ. ಹಳೆಯದನ್ನು ಉಳಿಸಬೇಕು ನಿಜ, ಉಳಿಸುವವನೂ ಉಳಿಯಬೇಕು.